ಗುಡಾರದ ಜೋಡಿಯ ಹೊರಬೀಡು

ನಮ್ಮ ಮನೆಯವರಿಗೆ ನೀರು ಕಂಡರೆ ಕಾಲು ಮುಂದೆ ಹೋಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲೇ ನನಗಿದು ತಿಳಿದುಹೋಯಿತು. ಎಲ್ಲಿಗೆ ಹೊರಟರೂ ಸರಿ, ದಾರಿಯಲ್ಲಿ ಕೆರೆ ಕಂಡರೆ ಗಾಡಿ ನಿಲ್ಲಿಸಿ, ಏರಿಯ ಮೇಲೆ ಕೂತು, ಒಂದು ಗಳಿಗೆ ಸುಮ್ಮನೆ ನೋಡಿ ಆಮೇಲೆ ಹೊರಡಬೇಕು. "ಅಷ್ಟು ನೋಡಾಕೆ ಏನೈತ್ರಿ ಅದರಾಗೆ?" ಎಂದು ಕೇಳಿದರೆ "ನೀರು ಐತಿ" ಎನ್ನುವರು. ಅಷ್ಟೇ ಉತ್ತರ. ಅಂಥವರ ಜೊತೆ ಬಾಳುವೆ ಮಾಡಲು ತಾಳ್ಮೆ ಬೇಕು, ನನಗೆ ಅದು ಹುಟ್ಟಿನಿಂದಲೇ ಕಡಿಮೆ. ನನ್ನ ತವರು ಸರ್ಕಾರಕ್ಕೇ ಎದುರು ನಿಂತ ಈಸೂರಿನ ಕಡೆ. ಆ ಕಡೆಯ ಹೆಣ್ಣು ತಂದರೆ ಹೇಳಿದ ಮಾತು ಕೇಳುವುದಿಲ್ಲ ಎಂದು ನಮ್ಮತ್ತೆ ಇರುವ ತನಕ ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ಅವರ ಮಾತು ಸುಳ್ಳಾಗಲು ಬಿಡಲಿಲ್ಲ.

ಶಿರಾಳಕೊಪ್ಪದ ಪೇಟೆಯಲ್ಲಿ ನಮ್ಮದೊಂದು ಅಂಗಡಿ. ತಾಡಪಾಲು, ಹಗ್ಗ, ಗೋಣಿಚೀಲ, ಬೆಳೆಗೆ ಔಷಧಿ ಹೊಡೆಯುವ ಪಂಪು. ಮನೆ ಮತ್ತು ಗದ್ದೆ ಇರುವುದು ಸೊರಬದ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಊರಿನಲ್ಲಿ. ಮೆಕ್ಕೆಜೋಳ ಒಣಗಿಸುವ ಕಾಲಕ್ಕೆ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅದು ಮುಗಿದು, ಭತ್ತವೂ ಕಣದಿಂದ ಮನೆಗೆ ಬಂದ ಮೇಲೆ ಕೈ ಖಾಲಿ. ಆ ಬಿಡುವಿನಲ್ಲಿ ಬೇರೆಯವರು ಮದುವೆ, ಮನೆ ಒಕ್ಕಲು ಎಂದು ಓಡಾಡಿದರೆ ಇವರು ಅಂಗಡಿಯದೇ ಒಂದು ತಾಡಪಾಲು, ಹಗ್ಗ, ನಾಲ್ಕು ಗೂಟ ಗಾಡಿಗೆ ಹಾಕಿ, "ನಡಿ" ಎನ್ನುವರು.

ಮೊದಲ ಸಲ ಹೋಗಿದ್ದು ಅಂಬ್ಲಿಗೊಳದ ಹಿನ್ನೀರಿಗೆ. ಮನೆಯಿಂದ ಅಷ್ಟೇನೂ ದೂರವಿಲ್ಲದ ಜಾಗ. ತಲೆಯ ಮೇಲೆ ಸೂರಿದ್ದವರು ನೆಲದ ಮೇಲೆ ಯಾಕೆ ಮಲಗಬೇಕು, ಕುರಿ ಕಾಯುವವರೇನು ನಾವು ಎಂದು ದಾರಿಯುದ್ದಕ್ಕೂ ಬೈದೆ. ಅವರು ಕೇಳಿಸಿಕೊಂಡು ಗಾಡಿ ಓಡಿಸಿದರು. ಮಾರನೆಯ ಬೆಳಿಗ್ಗೆ ಕಣ್ಣುಬಿಟ್ಟಾಗ ನೀರಿನ ಮೇಲೆ ಮಂಜು ಎದ್ದಿತ್ತು, ಬೆಳ್ಳಕ್ಕಿಗಳು ಕೆಸರಿನಲ್ಲಿ ಓಡಾಡುತ್ತಿದ್ದವು. ನನ್ನ ಗಂಡ ಒಲೆ ಹಚ್ಚಿ ಚಹಾ ಕಾಸುತ್ತ ಕೂತಿದ್ದರು. ಮದುವೆಯಾದ ಮೇಲೆ ಅವರ ಕೈಯ ಚಹಾ ನಾನು ಕುಡಿದಿದ್ದು ಅವತ್ತೇ ಮೊದಲು. ಸಕ್ಕರೆ ಜಾಸ್ತಿಯಾಗಿತ್ತು. ಇನ್ನೊಂದು ಲೋಟ ಹಾಕಿಸಿಕೊಂಡೆ.

ಆಮೇಲೆ ಹುಚ್ಚು ದೊಡ್ಡದಾಯಿತು. ಮಗ ಬೆಳೆದು ಅಂಗಡಿ ನೋಡಿಕೊಳ್ಳತೊಡಗಿದ ಮೇಲೆ ಒಂದು ಒಳ್ಳೆಯ ಗುಡಾರವನ್ನೇ ತಂದುಕೊಟ್ಟ. ಫೋನಿನಲ್ಲಿ ದೇಶದ ಯಾವ ಮೂಲೆಯಲ್ಲಿ ಯಾವ ಕೆರೆಯ ಪಕ್ಕ ಗುಡಾರ ಹಾಕಬಹುದು ಎಂದು ಹುಡುಕಿ ಹುಡುಕಿ ಅಪ್ಪನಿಗೆ ತೋರಿಸುತ್ತಿದ್ದವನೂ ಅವನೇ. ಪವನಾ ಅಣೆಕಟ್ಟಿನ ಹಿನ್ನೀರಿಗೆ ಹೋದೆವು. ಅಲ್ಲಿ ಗುಡಾರಗಳದೇ ಒಂದು ಊರು, ಎಲ್ಲವೂ ಒಂದೇ ಬಣ್ಣ, ಸಂಜೆಯಾದರೆ ಹಾಡು, ಗದ್ದಲ. ಚಿಲ್ಕಾಕ್ಕೆ ಹೋದೆವು. ಆಚೆ ದಡ ಕಾಣದು, ಬೊಗಸೆ ನೀರು ಬಾಯಿಗೆ ಹಾಕಿದರೆ ಉಪ್ಪು. "ಇದು ಕೆರೆ ಅಲ್ಲ, ಸಮುದ್ರದ ಪಾಲುದಾರ" ಎಂದರು ಇವರು. ಹಿಮದ ಬೆಟ್ಟಗಳ ನಡುವಿನ ಚಂದ್ರತಾಲದಲ್ಲಿ ನೀರಿನ ಹತ್ತಿರ ಗುಡಾರ ಹಾಕಲು ಬಿಡುವುದಿಲ್ಲ, ದೂರದಲ್ಲಿ ಹಾಕಿ ನಡೆದುಹೋಗಿ ನೋಡಿಬರಬೇಕು. ಅಷ್ಟು ದೂರ ಬಂದವರನ್ನು ಇನ್ನಷ್ಟು ನಡೆಸುತ್ತಾರಲ್ಲ ಎಂದು ನಾನು ಸಿಡುಕಿದಾಗ, "ಕೆರಿಯಾಗೆ ಕಾಲಿಟ್ಕಂಡು ಮಲಗ್ತಿದ್ದೇನು? ಅದು ತಣ್ಣಗಿರ್ಲಿ ಬಿಡು" ಎಂದು ನನ್ನನ್ನೇ ಗದರಿದರು.

ಲಡಾಖಿನ ಪ್ಯಾಂಗಾಂಗ್ ಕೆರೆಯ ದಂಡೆಯಲ್ಲಿ ನಾನು ಎರಡು ಸ್ವೆಟರ್ ಹಾಕಿ, ಅದರ ಮೇಲೆ ಅವರದನ್ನೂ ಕಿತ್ತುಕೊಂಡು ಹಾಕಿದ್ದೆ. ಅಷ್ಟು ನೀಲಿಯನ್ನು ನಾನು ಸೀರೆಯಲ್ಲೂ ಕಂಡಿರಲಿಲ್ಲ. ಇವರು ಬಹಳ ಹೊತ್ತು ನೋಡಿ, ಗುಡಾರ ಕೊಟ್ಟ ಅಲ್ಲಿನ ಮನುಷ್ಯನನ್ನು ತಮಗೆ ಬರುವ ಹಿಂದಿಯಲ್ಲಿ ಕೇಳಿದ್ದೇನು ಗೊತ್ತೇ? ಇದಕ್ಕೆ ತೂಬು ಎಲ್ಲಿದೆ, ಕೋಡಿ ಯಾವ ಕಡೆ ಬೀಳುತ್ತದೆ, ಎಷ್ಟು ಎಕರೆಗೆ ನೀರು ಹೋಗುತ್ತದೆ ಎಂದು. ನಮ್ಮ ಕಡೆ ಕೆರೆ ಎಂದರೆ ಏರಿ ಇರಬೇಕು, ನೀರು ಬಿಡುವ ತೂಬು ಇರಬೇಕು, ತುಂಬಿದರೆ ಹರಿಯುವ ಕೋಡಿ ಇರಬೇಕು, ಕೆಳಗೆ ಗದ್ದೆ ಇರಬೇಕು. ಆ ಮನುಷ್ಯ ಗುಡ್ಡ ತೋರಿಸಿ, ಕೈ ಅಲ್ಲಾಡಿಸಿ ನಕ್ಕ. ಒಂದು ಪೈರಿಗೂ ಹೋಗದ ಅಷ್ಟು ನೀರು ನೋಡಿ ಇವರಿಗೆ ನಿಜಕ್ಕೂ ಸಂಕಟವಾಯಿತು. ವಾಪಸ್ ಬರುವಾಗ ಬಸ್ಸಿನಲ್ಲೂ ಅದೇ ಮಾತು.

ಊರಿನವರು ನಮ್ಮನ್ನು ಗುಡಾರದ ಜೋಡಿ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ನಾನು ಯಾಕೆ ಹೋಗುತ್ತಿದ್ದೆ ಎನ್ನುವುದು ನನಗೆ ಗೊತ್ತಿತ್ತು. ಮನೆಯಲ್ಲಿ ಇವರು ಮಾತನಾಡುವವರಲ್ಲ. ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಆಡಿ ಬಾಯಿ ಸವೆಯುತ್ತದೋ ಏನೋ, ಮನೆಗೆ ಬಂದರೆ ಊಟ, ಟಿವಿ, ನಿದ್ದೆ. ಗುಡಾರದ ಮುಂದೆ ಕೂತರೆ ಮಾತ್ರ ಬೇರೆ ಮನುಷ್ಯ. ತಮ್ಮ ಅಪ್ಪನ ಸುದ್ದಿ, ಚಿಕ್ಕಂದಿನಲ್ಲಿ ಹೋರಿ ಹಿಡಿಯಲು ಹೋಗಿ ಹಲ್ಲು ಮುರಿದುಕೊಂಡ ಸುದ್ದಿ, ಹೆಣ್ಣು ನೋಡಲು ಬಂದಾಗ ನಾನು ಕಾಫಿ ಲೋಟ ಕುಕ್ಕಿ ಇಟ್ಟಿದ್ದರ ಸುದ್ದಿ, ಒಂದೊಂದಾಗಿ ಹೊರಬರುತ್ತಿತ್ತು. ಮನೆಯಲ್ಲಿ ನಾನು ಯಾರಿಗೋ ಸೊಸೆ, ಯಾರಿಗೋ ಅವ್ವ, ಯಾರಿಗೋ ಅತ್ತೆ. ಅಲ್ಲಿ ಅವರಿಗೆ ನಾನೊಬ್ಬಳೇ ಸಿಗುತ್ತಿದ್ದೆ, ನನಗೆ ಅವರೊಬ್ಬರೇ. ಅದಕ್ಕಾಗಿ ನೆಲದ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡರೂ ನನಗೆ ನಷ್ಟವಿರಲಿಲ್ಲ.

ಮರೆವು ಮೊದಲು ಕಂಡಿದ್ದು ಅಂಗಡಿಯಲ್ಲಿ. ಹಗ್ಗ ಕೇಳಿದವರಿಗೆ ಗೋಣಿಚೀಲ ಕೊಟ್ಟರು, ಹಳೆಯ ಗಿರಾಕಿಗಳನ್ನು ಯಾರಪ್ಪ ನೀನು ಎಂದರು. ಆಮೇಲೆ ಸಂತೆಯ ದಿನ ಅಂಗಡಿಯಿಂದ ಹೊರಬಿದ್ದು ಬಸ್‌ಸ್ಟ್ಯಾಂಡಿನಲ್ಲಿ ದಿಕ್ಕು ತೋಚದೆ ನಿಂತಿದ್ದರು, ಯಾರೋ ಕರೆತಂದರು. ಶಿವಮೊಗ್ಗದ ಡಾಕ್ಟರು ತಲೆಯ ಫೋಟೋ ತೆಗೆಸಿ, ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದರು. ಜಾಗ ಬದಲಿಸಬೇಡಿ, ಗೊತ್ತಿರುವ ಮನೆ, ಗೊತ್ತಿರುವ ಮುಖಗಳ ನಡುವೆ ಇರಲಿ ಎಂದರು. ಡಾಕ್ಟರ ಮಾತನ್ನೂ ನಾನು ಕೇಳಲಿಲ್ಲ ನೋಡಿ. ಕಳೆದ ವರ್ಷ ಮತ್ತೆ ಪವನಾಕ್ಕೆ ಕರೆದುಕೊಂಡು ಹೋದೆ, ಮಗನೇ ಗಾಡಿ ಓಡಿಸಿದ. ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಇವರಿಲ್ಲ. ಎಲ್ಲ ಗುಡಾರಗಳೂ ಒಂದೇ ತರಹ, ಯಾವುದರಲ್ಲಿ ಹುಡುಕುವುದು? ನೀರಿನ ಕಡೆ ಓಡಿದೆ, ಅಲ್ಲೂ ಇಲ್ಲ. ಕೊನೆಗೆ ಯಾರೋ ಗುಜರಾತಿ ಗಂಡ ಹೆಂಡಿರ ಗುಡಾರದಲ್ಲಿ ಚಕ್ಕಳಮಕ್ಕಳ ಹಾಕಿ ಚಹಾ ಕುಡಿಯುತ್ತ ಕೂತಿದ್ದರು. ನನ್ನನ್ನು ಕಂಡದ್ದೇ, "ಬಾ, ಇಲ್ಲೇ ಅದೀನಿ" ಎಂದರು. ಅಷ್ಟು ಹೊತ್ತು ತಡೆದಿದ್ದ ಅಳು ನನಗೆ ಆಗ ಬಂತು.

ನನ್ನಲ್ಲಿ ಒಂದು ಗರ್ವವಿತ್ತು, ಅದನ್ನೂ ಹೇಳಿಬಿಡುತ್ತೇನೆ. ದಾರಿ ಮರೆತರು, ಲೆಕ್ಕ ಮರೆತರು, ಮೊಮ್ಮಗಳ ಹೆಸರು ಮರೆತರು. ಒಂದು ಸಲವಂತೂ ಮಗನನ್ನೇ ತಮ್ಮನೆಂದುಕೊಂಡು ಮಾತನಾಡಿದರು. ನನ್ನನ್ನು ಮಾತ್ರ ಮರೆತಿರಲಿಲ್ಲ. ಎಲ್ಲರೆದುರು ಇದನ್ನು ಹೇಳಿಕೊಳ್ಳದಿದ್ದರೂ ಮನಸ್ಸಿನಲ್ಲಿ ಹಿಗ್ಗುತ್ತಿದ್ದೆ.

ಪವನಾದಿಂದ ಬಂದ ಮೇಲೆ ಮಗ ಮೆತ್ತಗೆ ಮಾತು ತೆಗೆದ. "ಅವ್ವ, ಗುಡಾರ ಮಾರಿಬಿಡಾನ. ಇನ್ನು ಅಪ್ಪಾಜಿನ ಎಲ್ಲಿಗೂ ಕರ್ಕಂಡು ಹೋಗಾದು ಬ್ಯಾಡ. ನಿನಗೆ ಏನಾದ್ರೂ ಹೆಚ್ಚು ಕಡಿಮೆ ಆದ್ರೆ ಅಲ್ಲಿ ಯಾರದಾರೆ?"

ಬಾಯಿಗೆ ಬಂದಂತೆ ಬೈದೆ. ಯಾಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು.

ಹೀಗಿರುವಾಗ ಊರಿನಲ್ಲಿ ಹೊರಬೀಡಿನ ಡಂಗುರ ಸಾರಿದರು. ಕಾಯಿಲೆ ಕಸಾಲೆ ಜಾಸ್ತಿಯಾದಾಗ, ಮಳೆ ಬೆಳೆ ತಪ್ಪಿದಾಗ, ಹಿರಿಯರು ಕೂತು ಒಂದು ದಿನ ಗೊತ್ತು ಮಾಡುತ್ತಾರೆ. ಅವತ್ತು ಬೆಳಕು ಹರಿಯುವ ಮೊದಲು ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊರಗೆ ಹೋಗಬೇಕು. ದನ, ಎಮ್ಮೆ, ಕೋಳಿ, ನಾಯಿ ಎಲ್ಲವೂ ಜೊತೆಗೆ. ಒಲೆಯಲ್ಲಿ ಬೂದಿ ಕೂಡ ಇರಬಾರದು. ಊರ ಬಾಗಿಲಿಗೆ ಮುಳ್ಳಿನ ಕಂಟಿ ಎಳೆದುಬಿಡುತ್ತಾರೆ, ಸಂಜೆಯ ತನಕ ಒಂದು ನರಪಿಳ್ಳೆಯೂ ಒಳಗೆ ಕಾಲಿಡುವಂತಿಲ್ಲ. ಖಾಲಿ ಊರಿನಲ್ಲಿ ದೇವಿ ಓಡಾಡಿ ಕಂಟಕ ಕಳೆಯುತ್ತಾಳೆ ಎಂದು ನಂಬಿಕೆ. ನಾವು ಇಡೀ ದಿನ ಕೆರೆಯ ದಂಡೆಯಲ್ಲಿ, ಮರಗಳ ಕೆಳಗೆ ಒಲೆ ಹೂಡಿ, ಅಡುಗೆ ಮಾಡಿ, ಉಂಡು, ದೀಪ ಹಚ್ಚುವ ಹೊತ್ತಿಗೆ ವಾಪಸ್ಸು ಬರುತ್ತೇವೆ. ಲಡಾಖಿನ ತನಕ ಹೋಗಿ ಗುಡಾರ ಹಾಕಿ ಬಂದ ನನಗೆ, ನಮ್ಮೂರಿನವರು ಇದನ್ನು ಯಾವ ಕಾಲದಿಂದಲೋ ಮಾಡುತ್ತಿದ್ದಾರೆ ಎನ್ನುವುದು ಹೊಳೆದದ್ದೇ ಅವತ್ತು.

ನನ್ನ ವಾರಗಿತ್ತಿ, ಎಂದರೆ ಇವರ ತಮ್ಮನ ಹೆಂಡತಿ, ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದಳು. "ಅಕ್ಕ, ಬಾವಾರನ್ನ ಅವತ್ತೊಂದಿನ ಶಿಕಾರಿಪುರದಾಗೆ ನಮ್ಮಣ್ಣನ ಮನ್ಯಾಗೆ ಬಿಡಾನ. ಅಷ್ಟು ಜನದಾಗೆ ಗಾಬರಿ ಬೀಳ್ತಾರೆ. ನೀರು ಬೇರೆ ಹತ್ರ."

"ನನ್ನ ಗಂಡ ಊರು ಬಿಟ್ಟು ಹೊರಗೆ ಹೋಗಬೇಕಾದ್ರೆ ಊರಿನೋರ ಜೊತಿಗೆ ಹೋಗ್ತಾರೆ, ನಿಮ್ಮಣ್ಣನ ಮನಿಗಲ್ಲ" ಎಂದೆ. ಅವಳು ಮುಖ ಸಪ್ಪೆ ಮಾಡಿಕೊಂಡಳು, ಪಾಪ.

ಮಗನಿಗೂ ಹೇಳಿದೆ. "ಈ ಒಂದು ದಿನ ನೋಡಾನ. ಕೆರಿ ದಂಡ್ಯಾಗೆ ಸಂಜಿ ತನಕ ಅವರು ಚೆನ್ನಾಗಿದ್ರೆ ಗುಡಾರ ಮನ್ಯಾಗೆ ಇರ್ತೈತಿ, ನಾವು ಹೋಗ್ತೀವಿ. ಇಲ್ಲ ಅಂದ್ರೆ ನಾನೇ ನನ್ನ ಕೈಯಾರೆ ಮಾರಿ ಬರ್ತೀನಿ." ಅವನು ಒಪ್ಪಿದ.

ಆ ಬೆಳಿಗ್ಗೆ ನಾನು ಬೀಗ ಹಾಕುವಾಗ ಇವರು ಕರುವಿನ ಹಗ್ಗ ಹಿಡಿದು ಅಂಗಳದಲ್ಲಿ ನಿಂತಿದ್ದರು. ಎಲ್ಲಿಗೆ ಎಂದು ಕೇಳಲಿಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಸ್ಕೂಟರ್, ತಲೆಯ ಮೇಲೆ ಪಾತ್ರೆ, ಕಂಕುಳಲ್ಲಿ ಕೂಸು, ಇಡೀ ಊರು ಹೋಗುತ್ತಿದ್ದರೆ ಅವರೂ ಹೆಜ್ಜೆ ಹಾಕಿದರು. ನಮ್ಮ ಮನೆಗೆ ಮೊದಲಿನಿಂದಲೂ ಹೊಂಗೆ ಮರದ ಜಾಗ. ಅಲ್ಲಿ ತಲುಪಿದ್ದೇ ತಡ, ಟ್ರ್ಯಾಕ್ಟರಿನಿಂದ ತಾಡಪಾಲು ಇಳಿಸಿಕೊಂಡು, ಬಿಸಿಲು ಬೀಳುವ ದಿಕ್ಕು ನೋಡಿ, ಕೊಂಬೆಗೆ ಹಗ್ಗ ಬಿಗಿದು ಚಪ್ಪರ ಎಬ್ಬಿಸಿಬಿಟ್ಟರು. ಮಗ ಕಟ್ಟಿದ್ದ ಒಂದು ಗಂಟನ್ನು ಬಿಚ್ಚಿ, "ಇದು ಗಾಳಿಗೆ ನಿಲ್ಲಂಗಿಲ್ಲ" ಎಂದು ಮತ್ತೆ ಕಟ್ಟಿದರು. ನಾನು ಮಗನ ಮುಖ ನೋಡಿದೆ. ಅವನು ನಕ್ಕು ಸೋತೆ ಎನ್ನುವ ಹಾಗೆ ಕೈ ಎತ್ತಿದ. ನನಗೆ ಎಷ್ಟು ಖುಷಿಯಾಯಿತೆಂದರೆ ವಾರಗಿತ್ತಿಯ ಹತ್ತಿರ ಹೋಗಿ ಹೋಳಿಗೆಯ ಹೂರಣ ಚೆನ್ನಾಗಿದೆ ಎಂದು ಹೊಗಳಿ ಬಂದೆ.

ಮಧ್ಯಾಹ್ನ ಕೆರೆಯ ಆಚೆ ಬದಿ ಗಂಗೆಪೂಜೆ. ಎಲ್ಲರೂ ಅಲ್ಲಿಗೆ ಹೋದರು. ಇವರು ಚಪ್ಪರದ ಕೆಳಗೆ ನೆಮ್ಮದಿಯಾಗಿ ಕೂತಿದ್ದರಿಂದ ನಾವಿಬ್ಬರೇ ಉಳಿದೆವು. ಅಡುಗೆಗೆ ನೀರು ಸಾಲದೆಂದು ನಾನು ಕೊಡ ತೆಗೆದುಕೊಂಡು ಅಲ್ಲೇ ಇದ್ದ ಬೋರಿಗೆ ಹೋದೆ, ಅವರು ನನ್ನ ಕಣ್ಣಳತೆಯಲ್ಲೇ ಇದ್ದರು. ತುಂಬಿದ ಕೊಡ ಸೊಂಟದ ಮೇಲೆ ಇಟ್ಟುಕೊಂಡು ವಾಪಸ್ ಬಂದಾಗ ಅವರು ಎದ್ದು ನಿಂತರು.

"ಬರ್ರಿ ಅಕ್ಕಾರ" ಎಂದರು. "ಕೊಡ ಇಳಿಸ್ರಿ. ಬಿಸಿಲಾಗೆ ಬಂದೀರಿ. ಯಾವೂರಾತು?"

ಹೊರಬೀಡಿನ ದಿನ ನಮ್ಮ ಒಲೆಯ ಮುಂದೆ ಹಾದುಹೋಗುವ ಯಾರನ್ನೂ ಉಣ್ಣಿಸದೆ ಕಳಿಸುವಂತಿಲ್ಲ, ಪರ ಊರಿನವರಾದರಂತೂ ಕೈ ಹಿಡಿದು ಕೂರಿಸುತ್ತೇವೆ. ಅದನ್ನೇ ಅಣಕಿಸಿ ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದುಕೊಂಡೆ. ಅಂಥ ಚೇಷ್ಟೆ ಅವರಿಗೆ ಮೊದಲಿನಿಂದಲೂ ಇತ್ತು. "ಸಾಕು ಬಿಡ್ರಿ ನಿಮ್ಮ ನಾಟಕ" ಎಂದು ಕೊಡ ಇಳಿಸಿ ಮುಖ ನೋಡಿದೆ. ನಾಟಕವಾಗಿರಲಿಲ್ಲ. ಗುರುತಿಲ್ಲದ ಹೆಂಗಸನ್ನು ಮರ್ಯಾದಸ್ಥ ಗಂಡಸರು ಹೇಗೆ ನೋಡುತ್ತಾರೋ ಹಾಗೆ, ಪೂರ್ತಿ ಮುಖ ನೋಡದೆ, ಸ್ವಲ್ಪ ಪಕ್ಕಕ್ಕೆ ನೋಡುತ್ತ ನಿಂತಿದ್ದರು.

ಇಷ್ಟು ದಿನ ಹೆದರಿದ್ದು ಅವರು ನೀರಿಗೆ ಇಳಿದಾರು, ಕಳೆದುಹೋದಾರು ಎಂದು. ಇದಕ್ಕೆ ನಾನು ತಯಾರಾಗಿರಲಿಲ್ಲ. ಅಲ್ಲೇ ಅವರ ಭುಜ ಹಿಡಿದು ಅಲ್ಲಾಡಿಸಿ, ನಾನು ಕಣ್ರಿ, ನಿಮ್ಮ ಹೆಂಡತಿ ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಅವರು ಗಾಬರಿಯಾಗುತ್ತಾರೆ, ಅವರ ದಿನ ಕೆಡುತ್ತದೆ. ಕೂತೆ.

"ಹೊರಬೀಡು ದಿನ ಉಪಾಸ ಹೋಗಬಾರ್ದು" ಎಂದು ಎಲೆ ಹಾಸಿದರು. "ನಮ್ಮನಿಯಾಕಿ ಇಲ್ಲೇ ಎಲ್ಲೋ ಹೋಗ್ಯಾಳೆ. ಬರಾತನಕ ನಾನೇ ಹಾಕ್ತೀನಿ." ಹೋಳಿಗೆ ಹಾಕಿದರು, ತುಪ್ಪ ಹುಡುಕಿ ಹಾಕಿದರು, ಪಲ್ಯ ಹಾಕಿ, ಇನ್ನೊಂದು ಹೋಳಿಗೆ ಹಾಕಲೇ ಎಂದು ಉಪಚಾರ ಮಾಡಿದರು. ಗುಡಾರದಲ್ಲಿ ಚಹಾ ಒಂದನ್ನು ಬಿಟ್ಟರೆ ಇವರು ನನಗೆ ಬಡಿಸಿದ್ದೇ ಇಲ್ಲ. ಬಡಿಸಿದ್ದು ಈಗ, ನಾನು ಯಾರೋ ಆದ ಮೇಲೆ.

ಏನಾದರೂ ಮಾತನಾಡಬೇಕಲ್ಲ. "ನಿಮ್ಮನಿಯವರು ಹೆಂಗದಾರ್ರಿ?" ಎಂದು ಕೇಳಿದೆ.

"ಬಾಯಿ ಬಾಳ ಜೋರು" ಎಂದರು. ಆಮೇಲೆ ಒಳ್ಳೆ ನಗು ನಕ್ಕರು. "ಆದ್ರೆ ಎಲ್ಲಿಗೆ ಕರದ್ರೂ ಬರ್ತಾಳ್ರಿ. ಒಂದ್ಸಲ ಮಂಜು ಬೀಳಾ ಊರಿಗೆ ಕರ್ಕಂಡು ಹೋಗಿದ್ದೆ. ಬೈಕಂತ ಬೈಕಂತ ಬಂದ್ಲು, ಬಂದ್ಲು ಮಾತ್ರ. ನಾನು ಮಾತಾಡಾದು ಕಡಿಮಿ. ಆಕಿ ಇದ್ರೆ ಚಲೋ ಅನಸ್ತೈತಿ."

ಇಷ್ಟು ವರ್ಷದಲ್ಲಿ ಇಷ್ಟನ್ನು ನನಗೆ ಅವರು ಹೇಳಿರಲಿಲ್ಲ. ನನಗೆ ಅವರು ಹೇಳಿದ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಕಣ್ಣೀರು ಎಲೆಗೆ ಬೀಳದ ಹಾಗೆ ಸೆರಗು ಹಿಡಿದು, ಹಾಕಿದ್ದೆಲ್ಲ ಉಂಡೆ. ಒಂದಗುಳೂ ಬಿಡಲಿಲ್ಲ.

ಪೂಜೆ ಮುಗಿಸಿ ಮನೆಯವರೆಲ್ಲ ಬಂದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಇವರು ಮಗನ ಜೊತೆ, ತಮ್ಮನ ಜೊತೆ ನಗುತ್ತಲೇ ಇದ್ದರು, ದನಗಳಿಗೆ ನೀರು ಕುಡಿಸಿದರು, ಚಪ್ಪರ ಬಿಚ್ಚಿ ತಾಡಪಾಲನ್ನು ಮಡಿಚಿದರು. ಎಲ್ಲರ ಲೆಕ್ಕದಲ್ಲಿ ನಾನು ಗೆದ್ದಿದ್ದೆ. "ಅಪ್ಪಾಜಿ ಆರಾಮಿದಾರೆ ಅವ್ವ, ನೀನು ಹೇಳಿದ್ದೇ ಸರಿ" ಎಂದ ಮಗ. ನಾನು ಪಾತ್ರೆ ತುಂಬುತ್ತಿದ್ದೆ, ತಲೆ ಎತ್ತಲಿಲ್ಲ. ಅವರು ಕೆರೆಯ ದಂಡೆಯಲ್ಲಿ ಚೆನ್ನಾಗಿರಬಲ್ಲರು, ನಿಜ. ಆದರೆ ಅವರ ಪಾಲಿಗೆ ನಾನೇ ಇಲ್ಲದ ಮೇಲೆ ಅಲ್ಲಿಗೆ ಹೋಗಿ ಏನು ಮಾಡಲಿ? ನನ್ನನ್ನೇ ಮರೆತವರ ಜೊತೆ ಯಾವ ನೀರು ನೋಡಲಿ? ಗುಡಾರ ಮಾರಿಬಿಡು ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಹೊರಡಿ ಎಂದು ಡೊಳ್ಳು ಬಾರಿಸಿದರು.

ಊರ ಬಾಗಿಲಿನಲ್ಲಿ ಎಲ್ಲರೂ ಸೇರಿದರು. ಪೂಜಾರಿ ಮುಳ್ಳು ಸರಿಸಿ, ತೀರ್ಥ ಚಿಮುಕಿಸಿ ಒಳಗೆ ಬಿಡಲು ನಿಂತಿದ್ದ. ಎಲ್ಲ ಮಂದಿ ಬಂದರೆ ಮಾತ್ರ ಒಳಗೆ ಹೋಗಬೇಕು, ಹೊರಗೆ ಒಬ್ಬರನ್ನು ಬಿಟ್ಟು ಮನೆ ಸೇರಬಾರದು ಎನ್ನುವುದು ಕಟ್ಟುಪಾಡು. ಅದಕ್ಕೇ ಒಬ್ಬ ಹಿರಿಯರು ಮನೆ ಮನೆಯ ಯಜಮಾನರನ್ನು ಕೇಳುತ್ತ ಬಂದರು. "ಎಲ್ಲಾರೂ ಬಂದ್ರೇನಪ್ಪ?" ನಮ್ಮ ಸರದಿ ಬಂತು. ಮಗ ಹೂಂ ಎನ್ನುವ ಮೊದಲೇ ಇವರು ತಲೆ ಅಲ್ಲಾಡಿಸಿದರು.

"ಇಲ್ಲ. ನಮ್ಮನಿಯಾಕಿ ಬಂದಿಲ್ಲ. ಕೆರಿ ಹತ್ರ ಅದಾಳೆ. ಆಕಿನ ಬಿಟ್ಟು ನಾನು ಒಳಗೆ ಬರಾಂಗಿಲ್ಲ."

ನಾನು ಅವರ ಮಗ್ಗುಲಲ್ಲೇ ನಿಂತಿದ್ದೆ. ಹಿಂದೆ ಇಡೀ ಊರು ದನಕರು ಕಟ್ಟಿಕೊಂಡು ಕಾಯುತ್ತಿತ್ತು. ವಾರಗಿತ್ತಿ ಬಾಯಿಗೆ ಸೆರಗು ಹಿಡಿದಳು. ಮಗ "ಅಪ್ಪಾಜಿ, ಅವ್ವ ಇಲ್ಲೇ..." ಎಂದು ಶುರು ಮಾಡಿದ, ನಾನು ಅವನ ಕೈ ಅದುಮಿದೆ. ಆ ಮನುಷ್ಯನ ಮುಖದಲ್ಲಿ ಎಂಥ ಹಟವಿತ್ತೆಂದರೆ, ಊರೆಲ್ಲ ಎಳೆದರೂ ಕದಲುತ್ತಿರಲಿಲ್ಲ.

"ಇರ್ರಿ, ನಾನು ಹೋಗಿ ಕಳಿಸ್ತೀನಿ" ಎಂದು ಅವರಿಗೆ ಹೇಳಿ, ಬಂದ ದಾರಿಯಲ್ಲಿ ವಾಪಸ್ ನಡೆದೆ.

ಕೆರೆಯ ದಂಡೆಯಲ್ಲಿ ಯಾರೂ ಇರಲಿಲ್ಲ. ಮಸಿ ಹಿಡಿದ ಕಲ್ಲುಗಳು, ಉಂಡ ಎಲೆಗಳು, ನೀರಿನ ಮೇಲೆ ಉಳಿದಿದ್ದ ಚೂರು ಬೆಳಕು. ಯಾರೂ ನೋಡುತ್ತಿಲ್ಲವೆಂದು ಮನಸ್ಸು ತಣಿಯುವಷ್ಟು ಅತ್ತೆ. ಆಮೇಲೆ ಮುಖ ತೊಳೆದು, ತಲೆ ಸರಿಮಾಡಿಕೊಂಡು ಬೇಗ ಬೇಗ ಬಂದೆ. ನನ್ನನ್ನು ಮತ್ತೆ ಅಕ್ಕಾರ ಎಂದರೆ ಏನು ಮಾಡುವುದೆಂದು ನನಗೆ ತಿಳಿದಿರಲಿಲ್ಲ.

ಅವರು ದೂರದಿಂದಲೇ ನೋಡಿದರು. ನಾಲ್ಕು ಹೆಜ್ಜೆ ಎದುರು ಬಂದರು.

"ಎಲ್ಲಿಗೆ ಹೋಗಿದ್ದೆ? ಊರೇ ನಿಂತೈತಿ ನಿನಗೋಸ್ಕರ" ಎಂದು ಗದರಿದರು.

ಆ ಗದರಿಕೆಯಷ್ಟು ಸುಖದ ಮಾತು ನಾನು ಜೀವನದಲ್ಲಿ ಕೇಳಿಲ್ಲ. "ಕೆರಿ ನೋಡ್ತಾ ಕುಂತಿದ್ದೆ. ನೀವೊಬ್ಬರೇ ನೋಡಬೇಕೇನು?" ಎಂದೆ. ಸುತ್ತಲಿದ್ದವರು ನಕ್ಕರು. ಪೂಜಾರಿ ನಮ್ಮಿಬ್ಬರ ಮೇಲೂ ತೀರ್ಥ ಚಿಮುಕಿಸಿದ. ಒಳಗೆ ಬಂದು ನಮ್ಮ ಓಣಿಯತ್ತ ತಿರುಗುವಾಗ ಇವರು ದನಿ ತಗ್ಗಿಸಿದರು.

"ಮಧ್ಯಾಹ್ನ ಒಬ್ಬಾಕಿ ಊಟಕ್ಕೆ ಬಂದಿದ್ಲು. ನೀನು ಇರಬೇಕಿತ್ತು."

"ಉಂಡ್ಲೇನು?"

"ಉಂಡ್ಲು. ಅತ್ಕಂತ ಉಂಡ್ಲು, ಪಾಪ. ಏನು ಕಷ್ಟ ಐತೋ ಏನೋ. ಇನ್ನೊಂದ್ಸಲ ಬಂದ್ರೆ ಚೆನ್ನಾಗಿ ನೋಡ್ಕ."

"ನೋಡ್ಕಂತೀನಿ ಬಿಡ್ರಿ" ಎಂದೆ. ಕರು ಹಿಡಿದು ಮುಂದೆ ಹೋಗುತ್ತಿದ್ದ ಮಗನನ್ನು ಕೂಗಿ, ಗುಡಾರ ಮಾರುವುದು ಬೇಡ ಎಂದು ಹೇಳಿದೆ.